ಔಷಧದ ಹೆಸರಿಗೆ ಮೊದಲು ಕಾರಣ ಬರೆಯೋಣ: ಓಪಿಡಿ ಚೀಟಿಯಲ್ಲಿ ಆಂಟಿಬಯಾಟಿಕ್

(ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ಫಾರ್ಮಸಿ ಅಧಿಕಾರಿಗಳು ಮತ್ತು ಶುಶ್ರೂಷಾ ಸಿಬ್ಬಂದಿಯನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಒಂದು ಚೀಟಿಯಿಂದ ಶುರು ಮಾಡುತ್ತೇನೆ. ರೋಗಿಗೆ ಎರಡು ದಿನದ ನೆಗಡಿ, ಮೈಕೈ ನೋವು, ಸಣ್ಣ ಜ್ವರ. ಚೀಟಿಯಲ್ಲಿ ಅಜಿತ್ರೋಮೈಸಿನ್ 500 ಎಂಬ ಆಂಟಿಬಯಾಟಿಕ್, ದಿನಕ್ಕೊಂದರಂತೆ 3 ದಿನ. ಜೊತೆಗೆ ಪ್ಯಾರಾಸಿಟಮಾಲ್, ಸೆಟ್ರಿಜಿನ್, ಪ್ಯಾಂಟಪ್ರಜೋಲ್. ನಮ್ಮ ಯಾವ ಓಪಿಡಿಯಲ್ಲೂ (ಹೊರರೋಗಿ ವಿಭಾಗದಲ್ಲೂ) ಈ ಚೀಟಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಮೂರನೇ ದಿನ ಜ್ವರ ಇಳಿಯುತ್ತದೆ. ಮಾತ್ರೆಯಿಂದಲೇ ಇಳಿಯಿತು ಎಂದು ರೋಗಿ ನಂಬುತ್ತಾರೆ, ಬರೆದವರೂ ನಂಬುತ್ತಾರೆ. ಮಾತ್ರೆ ಇಲ್ಲದೆಯೂ ಇಳಿಯುತ್ತಿದ್ದ ಜ್ವರ ಅದು ಎಂಬುದು ಇಬ್ಬರಿಗೂ ತಿಳಿಯುವುದೇ ಇಲ್ಲ. ಮುಂದಿನ ನೆಗಡಿಗೆ ಅದೇ ಚೀಟಿ ಮತ್ತೆ ಬರುತ್ತದೆ.

ಮೂರು ಮಾತ್ರೆ ತಾನೇ, ಏನಾಗುತ್ತದೆ ಎನ್ನುವವರಿಗೆ ಆ ಔಷಧದ ನಡವಳಿಕೆಯನ್ನೇ ತೋರಿಸಬೇಕು. ಅಜಿತ್ರೋಮೈಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 68 ಗಂಟೆ ಬೇಕು. ಮಾತ್ರೆ ಮುಗಿದ ಮೇಲೂ ಅದು ಬಹಳ ದಿನ ಸಣ್ಣ ಪ್ರಮಾಣದಲ್ಲಿ ಅಂಗಾಂಶಗಳಲ್ಲಿ ಉಳಿದಿರುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟಲ್ಲ, ಔಷಧ ತಡೆದುಕೊಳ್ಳುವ ತಳಿಗಳು ಮಾತ್ರ ಉಳಿದು ಬೆಳೆಯುವಷ್ಟು. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಈ ಗುಂಪಿನ ಔಷಧ ಕೊಟ್ಟು ನೋಡಿದರು. ಅವರ ಗಂಟಲಿನಲ್ಲಿ ಔಷಧಕ್ಕೆ ಬಗ್ಗದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾಗಳು ಆರು ತಿಂಗಳಾದರೂ ಉಳಿದಿದ್ದವು. ಈ ನೆಗಡಿಯ ಮಾತ್ರೆಗೆ ಬೆಲೆ ತೆರುವವರು ಮುಂದೆ ನಿಜವಾದ ಸೋಂಕು ತಗಲಿದಾಗ ಅದೇ ರೋಗಿ, ಇಲ್ಲವೇ ಅವರ ಮನೆಯವರು. 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ನಿರೋಧವೇ ನೇರ ಕಾರಣ ಎಂಬ ಅಂದಾಜಿದೆ.

ಇವತ್ತು ನಾನು ಕೇಳಿಕೊಳ್ಳುವುದು ಒಂದೇ. ಆಂಟಿಬಯಾಟಿಕ್ ಬರೆಯುವ ಮೊದಲು, ಅದೇ ಚೀಟಿಯಲ್ಲಿ, ಅದು ಏಕೆ ಎಂದು ಎರಡು ಪದ ಬರೆಯಿರಿ. 'ಜ್ವರ' ಎಂದಲ್ಲ, 'ಸೋಂಕು' ಎಂದಲ್ಲ. 'ನ್ಯುಮೋನಿಯಾ, ಉಸಿರು 54' ಎಂದು. ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ವೈದ್ಯಕೀಯ ಕಾಲೇಜುಗಳ ವೈದ್ಯರಿಗೆ ಪತ್ರ ಬರೆದು ಇದನ್ನೇ ಕೇಳಿತು: ಸೂಕ್ಷ್ಮಜೀವಿ ನಿರೋಧಕ ಔಷಧ ಬರೆಯುವಾಗ ನಿಖರ ಕಾರಣವನ್ನು ಕಡ್ಡಾಯವಾಗಿ ನಮೂದಿಸಿ ಎಂದು. ಕಾರಣ ಬರೆಯಲು ಕುಳಿತರೆ ಪೆನ್ನು ಒಂದು ಕ್ಷಣ ನಿಲ್ಲುತ್ತದೆ. ಎಷ್ಟೋ ಚೀಟಿಗಳಲ್ಲಿ ಆ ಒಂದು ಕ್ಷಣ ಸಾಕು. ಕಾರಣದ ಜೊತೆಗೆ ತೂಕಕ್ಕೆ ತಕ್ಕ ಪ್ರಮಾಣ ಮತ್ತು ನಿಲ್ಲಿಸುವ ದಿನ ಇರಲಿ. ಕಾರಣ ಸಿಗದಿದ್ದರೆ ಔಷಧವೂ ಬೇಡ.

ಯಾವ ಔಷಧ ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿದ ವಿಂಗಡಣೆ ಇದೆ. ಆಕ್ಸೆಸ್ ಗುಂಪು ಮೊದಲ ಆಯ್ಕೆಯದು: ಅಮಾಕ್ಸಿಸಿಲಿನ್, ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್, ಡಾಕ್ಸಿಸೈಕ್ಲಿನ್, ನೈಟ್ರೋಫುರಾಂಟೊಯಿನ್, ಮೆಟ್ರೊನಿಡಜೋಲ್ ಇತ್ಯಾದಿ. ವಾಚ್ ಗುಂಪು ಎಚ್ಚರಿಕೆಯಿಂದ ಬಳಸಬೇಕಾದದ್ದು: ಅಜಿತ್ರೋಮೈಸಿನ್, ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್. ಲಿನೆಜೊಲಿಡ್, ಫ್ಯಾರೊಪೆನೆಮ್ ಥರದವು ರಿಸರ್ವ್, ಅಂದರೆ ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳಬೇಕಾದವು. ಓಪಿಡಿ ಮೇಜಿನ ಮೇಲೆ ಅವುಗಳಿಗೆ ಕೆಲಸವಿಲ್ಲ. ನಮ್ಮ ಓಪಿಡಿಗಳಲ್ಲಿ ಕೈ ಮೊದಲು ಹೋಗುವುದು ಎರಡನೇ ಗುಂಪಿಗೆ. 2019ರ ಖಾಸಗಿ ವಲಯದ ಮಾರಾಟದ ಲೆಕ್ಕದಲ್ಲಿ ಭಾರತದಲ್ಲಿ ಅತಿ ಹೆಚ್ಚು ಬಳಕೆಯಾದ ಆಂಟಿಬಯಾಟಿಕ್ ಅಜಿತ್ರೋಮೈಸಿನ್ 500 ಮಾತ್ರೆ, ಅದರ ಹಿಂದೆಯೇ ಸೆಫಿಕ್ಸಿಮ್ 200. 'ದೊಡ್ಡ' ಔಷಧ ಎಂದರೆ ಒಳ್ಳೆಯ ಔಷಧ ಎಂಬ ಲೆಕ್ಕ ಎಲ್ಲಿ ತಪ್ಪುತ್ತದೆ ನೋಡಿ: ಚರ್ಮದ ಕೀವಿಗೆ ಬಹುಪಾಲು ಕಾರಣ ಸ್ಟ್ಯಾಫಿಲೋಕಾಕಸ್, ಅದರ ಮೇಲೆ ಸೆಫಿಕ್ಸಿಮ್ ಸರಿಯಾಗಿ ಕೆಲಸವನ್ನೇ ಮಾಡುವುದಿಲ್ಲ. ಅದಕ್ಕಿಂತ ಹಳೆಯದಾದ ಸೆಫಲೆಕ್ಸಿನ್ ಮಾಡುತ್ತದೆ.

ಗಂಟಲು ನೋವು

ಗಂಟಲು ನೋವಿನಲ್ಲಿ ಹೆಚ್ಚಿನವು ವೈರಸ್‌ನವು. ಹುಡುಕಬೇಕಾದದ್ದು ಗುಂಪು ಎ ಸ್ಟ್ರೆಪ್ಟೋಕಾಕಸ್. ಅದಕ್ಕೆ ಟಾರ್ಚು, ನಾಲಿಗೆ ಒತ್ತುವ ಪಟ್ಟಿ, ಥರ್ಮಾಮೀಟರ್, ಎರಡು ಬೆರಳು ಸಾಕು. 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರಕ್ಕೆ ಒಂದು ಅಂಕ. ಟಾನ್ಸಿಲ್ ಊದಿದ್ದರೆ ಅಥವಾ ಬಿಳಿ ಲೇಪ ಕಂಡರೆ ಒಂದು. ಕತ್ತಿನ ಮುಂಭಾಗದ ಗ್ರಂಥಿ ಮುಟ್ಟಿದಾಗ ನೋವಿದ್ದರೆ ಒಂದು. ಕೆಮ್ಮು ಇಲ್ಲದಿದ್ದರೆ ಒಂದು. 3ರಿಂದ 14 ವರ್ಷದವರಿಗೆ ಒಂದು ಅಂಕ ಸೇರಿಸಿ, 45 ದಾಟಿದವರಿಗೆ ಒಂದು ಕಳೆಯಿರಿ. ಎರಡು ಅಥವಾ ಅದಕ್ಕೂ ಕಡಿಮೆ ಬಂದರೆ ಉಪ್ಪುನೀರಿನ ಮುಕ್ಕಳಿಕೆ ಮತ್ತು ಪ್ಯಾರಾಸಿಟಮಾಲ್ ಸಾಕು. ಮೂಗು ಸುರಿಯುತ್ತಾ, ಕೆಮ್ಮುತ್ತಾ, ಧ್ವನಿ ಬಿದ್ದು ಬಂದವರಿಗೆ ಸ್ಟ್ರೆಪ್ ಇರುವ ಸಾಧ್ಯತೆ ತೀರಾ ಕಡಿಮೆ.

ಮೂರು ಅಥವಾ ಹೆಚ್ಚು ಬಂದರೆ ಅಮಾಕ್ಸಿಸಿಲಿನ್. ಕ್ಲಾವುಲನೇಟ್ ಸೇರಿದ 625 ಮಿಲಿಗ್ರಾಂ ಮಾತ್ರೆ ಇಲ್ಲಿ ಬೇಡ. ಕ್ಲಾವುಲನೇಟ್‌ನ ಕೆಲಸ ಪೆನಿಸಿಲಿನ್ ಗುಂಪಿನ ಔಷಧಗಳನ್ನು ಒಡೆಯುವ ಬೀಟಾ-ಲ್ಯಾಕ್ಟಮೇಸ್ ಕಿಣ್ವವನ್ನು ತಡೆಯುವುದು. ಈ ಸ್ಟ್ರೆಪ್ಟೋಕಾಕಸ್ ಆ ಕಿಣ್ವವನ್ನು ತಯಾರಿಸುವುದೇ ಇಲ್ಲ. ಎಂಬತ್ತು ವರ್ಷ ಬಳಸಿದ ಮೇಲೂ ಪೆನಿಸಿಲಿನ್ ಅದರ ಮೇಲೆ ಹರಿತವಾಗಿಯೇ ಇದೆ. ಹೀಗಿರುವಾಗ ಕ್ಲಾವುಲನೇಟ್‌ನಿಂದ ರೋಗಿಗೆ ದಕ್ಕುವುದು ಭೇದಿ ಮಾತ್ರ. ವಯಸ್ಕರಿಗೆ 500 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ, 5 ದಿನ. ಆದರೆ ಸ್ಟ್ರೆಪ್ ಗಂಟಲಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ, ಅದರಿಂದ ಕೆಡುವ ಹೃದಯದ ಕವಾಟ ನಮ್ಮಲ್ಲಿ ಇನ್ನೂ ಇವೆ. ಅದಕ್ಕೇ 5ರಿಂದ 15 ವರ್ಷದವರ ಸ್ಟ್ರೆಪ್ ಗಂಟಲಿಗೆ ಪೂರ್ತಿ 10 ದಿನ ಕೊಡಬೇಕು: ತೂಕದ ಪ್ರತಿ ಕಿಲೋಗೆ ದಿನಕ್ಕೆ 50 ಮಿಲಿಗ್ರಾಂ, ಹೆಚ್ಚೆಂದರೆ 1 ಗ್ರಾಂ. ಹತ್ತು ದಿನ ಮನೆಯಲ್ಲಿ ಕೊಡುತ್ತಾರೆಂಬ ಭರವಸೆ ಇಲ್ಲದಿದ್ದರೆ ಬೆಂಜಾಥಿನ್ ಪೆನಿಸಿಲಿನ್ ಒಂದೇ ಇಂಜೆಕ್ಷನ್, ಸ್ನಾಯುವಿನ ಆಳಕ್ಕೆ: 27 ಕಿಲೋಗಿಂತ ಕಡಿಮೆ ಇದ್ದರೆ 6 ಲಕ್ಷ ಯೂನಿಟ್, ಹೆಚ್ಚಿದ್ದರೆ 12 ಲಕ್ಷ. ತೀವ್ರ ಅಲರ್ಜಿ ಆದರೆ ಕೊಡಲು ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿರಲಿ.

ಮಗುವಿನ ಕೆಮ್ಮು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬೇಡದ ಮಗುವಿಗೆ ಕೊಡುವ ತಪ್ಪು, ಬೇಕಾದ ಮಗುವಿಗೆ ಸಾಲದಷ್ಟು ಕೊಡುವ ತಪ್ಪು ಎರಡೂ ಇಲ್ಲೇ ಆಗುತ್ತವೆ.

ಕೆಮ್ಮಿನ ಮಗುವಿನಲ್ಲಿ ನ್ಯುಮೋನಿಯಾ ಇದೆಯೇ ಎಂದು ಹೇಳುವುದು ಕಫದ ಬಣ್ಣವಲ್ಲ. ಹಳದಿ, ಹಸಿರು ಕಫ ವೈರಸ್ ಸೋಂಕಿನಲ್ಲೂ ಬರುತ್ತದೆ. ಹೇಳುವುದು ಉಸಿರಿನ ಎಣಿಕೆ. ಮಗು ತಾಯಿಯ ಮಡಿಲಲ್ಲಿ ಸುಮ್ಮನಿರಲಿ, ಅಂಗಿ ಮೇಲೆತ್ತಿ, ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. 2 ತಿಂಗಳಿಂದ 12 ತಿಂಗಳೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಾದರೆ ವೇಗದ ಉಸಿರು. ಎರಡು ತಿಂಗಳಿಗಿಂತ ಚಿಕ್ಕ ಕೂಸಿಗೆ 60. ಅಂಥ ಕೂಸನ್ನು ಓಪಿಡಿಯಿಂದ ಮನೆಗೆ ಕಳಿಸಬಾರದು. ಅಳು, ಜ್ವರ ಎರಡೂ ಎಣಿಕೆಯನ್ನು ಏರಿಸುತ್ತವೆ. ಜ್ವರ ಹೆಚ್ಚಿದ್ದರೆ ಪ್ಯಾರಾಸಿಟಮಾಲ್ ಕೊಟ್ಟು ಇಳಿದ ಮೇಲೆ ಮತ್ತೆ ಎಣಿಸಿ. ಎದೆಯಲ್ಲಿ ಸಿಳ್ಳೆಯಂಥ ಸದ್ದು ಇದ್ದರೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಅನ್ನು 15-20 ನಿಮಿಷಗಳ ಅಂತರದಲ್ಲಿ ಮೂರು ಬಾರಿಯವರೆಗೆ ಉಸಿರೆಳೆಸಿ, ಆಮೇಲೆ ಎಣಿಸಿ. ಉಬ್ಬಸದ ಎಷ್ಟೋ ಮಕ್ಕಳು 'ನ್ಯುಮೋನಿಯಾ' ಎಂದು ಸೆಫ್ಪೊಡಾಕ್ಸಿಮ್ ಕುಡಿಯುವುದು ಈ ಹೆಜ್ಜೆ ತಪ್ಪಿದ್ದರಿಂದ. ಕುಡಿಯಲಾಗದಿರುವುದು, ಕೊಟ್ಟದ್ದೆಲ್ಲ ವಾಂತಿ, ಫಿಟ್ಸ್, ಮಂಪರು ಇವುಗಳಲ್ಲಿ ಯಾವುದಿದ್ದರೂ ಮೊದಲ ಡೋಸ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಈಗ ಪ್ರಮಾಣ. ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ ಕಿಲೋಗೆ ದಿನಕ್ಕೆ 80 ಮಿಲಿಗ್ರಾಂ, ಎರಡು ಭಾಗ ಮಾಡಿ, 5 ದಿನ. ಗಂಟಲಿಗೆ 50, ಇಲ್ಲಿ 80 ಏಕೆ? ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನ ಕೆಲವು ತಳಿಗಳು ಪೆನಿಸಿಲಿನ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಪ್ರಮಾಣ ಏರಿಸಿದರೆ ಬಗ್ಗುತ್ತವೆ. 10 ಕಿಲೋ ಮಗುವಿಗೆ ಲೆಕ್ಕ ಹಾಕಿ: ದಿನಕ್ಕೆ 800, ಒಂದು ಹೊತ್ತಿಗೆ 400 ಮಿಲಿಗ್ರಾಂ. 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್‌ನಲ್ಲಿ ಅದು 16 ಮಿಲಿ. ಆದರೆ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು '5 ಮಿಲಿ, ಮೂರು ಹೊತ್ತು'. ಅಂದರೆ ದಿನಕ್ಕೆ 375 ಮಿಲಿಗ್ರಾಂ, ಬೇಕಾದದ್ದರ ಅರ್ಧಕ್ಕಿಂತ ಕಡಿಮೆ. ಅದೂ 30 ಮಿಲಿಯ ಒಂದೇ ಬಾಟಲಿ ಕೊಟ್ಟು ಕಳಿಸಿದರೆ ಎರಡೇ ದಿನಕ್ಕೆ ಮುಗಿಯುತ್ತದೆ. ಮೂರನೇ ದಿನ ಜ್ವರ ಹಾಗೇ ಇರುತ್ತದೆ. 'ಅಮಾಕ್ಸಿಸಿಲಿನ್ ಹಿಡಿಯಲಿಲ್ಲ' ಎಂದು ಸೆಫಿಕ್ಸಿಮ್‌ಗೆ ಏರುತ್ತೇವೆ. ಹಿಡಿಯದಿದ್ದದ್ದು ಔಷಧವಲ್ಲ, ನಮ್ಮ ಲೆಕ್ಕ.

ಇದಕ್ಕೆ ಸುಲಭದ ದಾರಿ ನೀರಿನಲ್ಲಿ ಕರಗುವ 250 ಮಿಲಿಗ್ರಾಂ ಮಾತ್ರೆ. 4ರಿಂದ 10 ಕಿಲೋ ಒಳಗಿನ ಮಗುವಿಗೆ ಬೆಳಗ್ಗೆ ಒಂದು, ರಾತ್ರಿ ಒಂದು: 5 ದಿನಕ್ಕೆ 10. 10ರಿಂದ 14 ಕಿಲೋ ಒಳಗೆ ಎರಡೆರಡು: 20. 14ರಿಂದ 19 ಕಿಲೋವರೆಗೆ ಮೂರು ಮೂರು: 30. ಒಂದು ಚಮಚ ಕುದಿಸಿ ಆರಿಸಿದ ನೀರಿನಲ್ಲೋ ಎದೆಹಾಲಿನಲ್ಲೋ ಕರಗಿಸಿ ಕುಡಿಸಿದರಾಯಿತು. ಬಾಟಲಿ ಅಲ್ಲಾಡಿಸುವ, ಮುಚ್ಚಳದಲ್ಲಿ ಅಂದಾಜು ಮಾಡುವ ಗೋಜಿಲ್ಲ.

ಸಿರಪ್ಪೇ ಕೊಡಬೇಕಾದರೆ ಪುಡಿ ಕಲಸುವ ಕೆಲಸ ಫಾರ್ಮಸಿ ಕಿಟಕಿಯಲ್ಲೇ ಆಗಲಿ. ಮೊದಲು ಬಾಟಲಿ ತಟ್ಟಿ ತಳದ ಪುಡಿ ಸಡಿಲಿಸಿ. ಕುದಿಸಿ ಆರಿಸಿದ ನೀರು ಗುರುತಿನ ಅರ್ಧಕ್ಕೆ ಹಾಕಿ ಚೆನ್ನಾಗಿ ಕುಲುಕಿ. ನೊರೆ ಇಳಿದ ಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ಒಂದೇ ಸಲಕ್ಕೆ ಗುರುತಿನವರೆಗೆ ನೀರು ಹಾಕಿದರೆ ಪುಡಿ ಕರಗಿದ ಮೇಲೆ ಮಟ್ಟ ಇಳಿಯುತ್ತದೆ; ಅದನ್ನು ನೋಡದೆ ಬಿಟ್ಟರೆ ಔಷಧ ಗಟ್ಟಿಯಾಗುತ್ತದೆ. ತಳದಲ್ಲಿ ಗಂಟು ಉಳಿದರೆ ಮೊದಲ ದಿನ ನೀರು, ಕೊನೆಯ ದಿನ ಪೂರ್ತಿ ಔಷಧ ಮಗುವಿನ ಹೊಟ್ಟೆಗೆ. ಕ್ಲಾವುಲನೇಟ್ ಸೇರಿದ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಆದ್ದರಿಂದ ಬರೆಯುವ ಮುನ್ನ ಮನೆಯಲ್ಲಿ ಫ್ರಿಜ್ ಇದೆಯೇ ಎಂದು ಕೇಳಿ.

ಭೇದಿ, ಉರಿಮೂತ್ರ, ಕುರು

ನೀರು ಭೇದಿಗೆ ಓಆರ್‌ಎಸ್ ಮತ್ತು ಜಿಂಕ್. ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಗೇ ಕಲಸಬೇಕು. ಜಿಂಕ್ 14 ದಿನ: ಆರು ತಿಂಗಳೊಳಗಿನವರಿಗೆ 10, ದೊಡ್ಡ ಮಕ್ಕಳಿಗೆ 20 ಮಿಲಿಗ್ರಾಂ. ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಜೋಡಿ ಮಾತ್ರೆಗೆ ಇಲ್ಲಿ ಯಾವ ಜಾಗವೂ ಇಲ್ಲ. ಬ್ಯಾಕ್ಟೀರಿಯಾ, ಅಮೀಬಾ ಎರಡೂ ಒಟ್ಟಿಗೆ ಬಂದಿರುವ ಭೇದಿ ಅಪರೂಪ. ಯಾವುದೆಂದು ಗೊತ್ತಿಲ್ಲದೆ ಎರಡಕ್ಕೂ ಬಾಣ ಬಿಡುವುದು ಚಿಕಿತ್ಸೆಯಲ್ಲ. ರಕ್ತ ಬಿದ್ದರೆ ವಿಷಯ ಬೇರೆ: ಆಮಶಂಕೆಗೆ ಆಂಟಿಬಯಾಟಿಕ್ ಬೇಕು. ಭಾರತದಲ್ಲಿ ಆಮಶಂಕೆ ತರುವ ಶಿಗೆಲ್ಲಾ ಬ್ಯಾಕ್ಟೀರಿಯಾ ಸಿಪ್ರೊಫ್ಲಾಕ್ಸಾಸಿನ್ ಗುಂಪಿಗೆ ಬಹುವಾಗಿ ನಿರೋಧ ಬೆಳೆಸಿಕೊಂಡಿರುವುದರಿಂದ ಎರಡನೇ ದಿನ ಮರಳಿ ನೋಡಲೇಬೇಕು.

ಯುವತಿಯರ ಸರಳ ಉರಿಮೂತ್ರಕ್ಕೆ ನೈಟ್ರೋಫುರಾಂಟೊಯಿನ್ ನಿಧಾನ ಬಿಡುಗಡೆಯ 100 ಮಿಲಿಗ್ರಾಂ, ದಿನಕ್ಕೆರಡು, 5 ದಿನ, ಊಟದ ಜೊತೆ. ಇದು ಸಾಕಷ್ಟು ಪ್ರಮಾಣದಲ್ಲಿ ಸೇರುವುದು ಮೂತ್ರದಲ್ಲಿ ಮಾತ್ರ, ಮೂತ್ರಪಿಂಡದ ಅಂಗಾಂಶದಲ್ಲಿ ಅಲ್ಲ. ಆದ್ದರಿಂದ ಚಳಿಜ್ವರ, ಸೊಂಟದ ಪಕ್ಕೆ ನೋವು ಇದ್ದವರಿಗೆ ಇದು ಸಾಲದು. ಹೆರಿಗೆಯ ದಿನ ಹತ್ತಿರವಿದ್ದವರಿಗೆ, ಮೂತ್ರಪಿಂಡ ಬಹಳ ಸೋತವರಿಗೆ ಬೇಡ. ಯಾವ ತೊಂದರೆಯೂ ಇಲ್ಲದ ಸಕ್ಕರೆ ಕಾಯಿಲೆಯವರ ಮೂತ್ರದ ವರದಿಯಲ್ಲಿ 'ಬ್ಯಾಕ್ಟೀರಿಯಾ' ಎಂದು ಕಂಡ ಮಾತ್ರಕ್ಕೆ ಚಿಕಿತ್ಸೆ ಬೇಡ. ಗರ್ಭಿಣಿಯರಿಗೆ ಮಾತ್ರ ಬೇಕು, ಮೂತ್ರನಾಳದ ಶಸ್ತ್ರಕ್ರಿಯೆಗೆ ಮುನ್ನವೂ ಬೇಕು.

ಕುರುವಿಗೆ ಮದ್ದು ಚಾಕು. ಸಣ್ಣ ಕುರುವನ್ನು ಕೊಯ್ದು ಕೀವು ಪೂರ್ತಿ ತೆಗೆದರೆ, ಸುತ್ತ ಕೆಂಪು ಹಬ್ಬಿರದಿದ್ದರೆ, ಆರೋಗ್ಯವಂತರಿಗೆ ಮಾತ್ರೆ ಬೇಕಾಗುವುದಿಲ್ಲ. ಹಲ್ಲು ನೋವೂ ಹಾಗೆಯೇ: ಊತ, ಜ್ವರ ಇಲ್ಲದ ನೋವಿಗೆ ಬೇಕಾದದ್ದು ಹಲ್ಲಿನ ಕೆಲಸ.

ಮಲೆನಾಡು, ಕರಾವಳಿಯ ಜ್ವರ

ಇಷ್ಟು ಹೊತ್ತು 'ಬೇಡ' ಎಂದದ್ದೇ ಹೆಚ್ಚಾಯಿತು. ಒಂದು ಕಡೆ ತಡಮಾಡದೆ ಕೊಡಬೇಕು. ಮಳೆಗಾಲದಲ್ಲಿ, ಮಳೆ ಮುಗಿದ ತಿಂಗಳುಗಳಲ್ಲಿ ಗದ್ದೆ, ತೋಟ, ಕಾಡಂಚಿನಲ್ಲಿ ಕೆಲಸ ಮಾಡುವವರು ಐದಾರು ದಿನದ ಜ್ವರ, ತೀವ್ರ ತಲೆನೋವಿನಿಂದ ಬಂದರೆ ಬಟ್ಟೆ ಸರಿಸಿ ನೋಡಿ. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟಪಟ್ಟಿಯ ಜಾಗದಲ್ಲಿ ನೋವಿಲ್ಲದ ಕಪ್ಪು ಹಕ್ಕಳೆ ಇದ್ದರೆ ಅದು ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ. ನೋವಿಲ್ಲದ್ದರಿಂದ ರೋಗಿ ಅದನ್ನು ಹೇಳುವುದಿಲ್ಲ. ಕಣ್ಣು ಕೆಂಪು, ಮೀನಖಂಡದ ವಿಪರೀತ ನೋವು, ಕಾಮಾಲೆ, ಗದ್ದೆಯ ನೀರಿನಲ್ಲಿ ನಿಂತು ಕೆಲಸ ಇವು ಇಲಿ ಜ್ವರದ ಸುಳಿವು. ಎರಡಕ್ಕೂ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು, 7 ದಿನ, ವರದಿಗಾಗಿ ಕಾಯಬೇಡಿ. ಗರ್ಭಿಣಿಯರ ಸ್ಕ್ರಬ್ ಟೈಫಸ್‌ಗೆ ಅಜಿತ್ರೋಮೈಸಿನ್; ನೆಗಡಿಗೆ ಖರ್ಚು ಮಾಡದೆ ಉಳಿಸಿಕೊಳ್ಳಬೇಕಾದದ್ದು ಇಂಥ ಕೆಲಸಕ್ಕೇ. ಸ್ಕ್ರಬ್ ಟೈಫಸ್‌ನ ಜೀವಿ ನಮ್ಮ ಜೀವಕೋಶದ ಒಳಗೇ ವಾಸಿಸುವಂಥದ್ದು. ಸೆಫ್ಟ್ರಿಯಾಕ್ಸೋನ್ ಎಷ್ಟು ಕೊಟ್ಟರೂ ಅದಕ್ಕೆ ತಾಗುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಜ್ವರ ಇಳಿಯುತ್ತದೆ. ಇಳಿಯದಿದ್ದರೆ ರೋಗನಿದಾನವನ್ನೇ ಮರುಯೋಚಿಸಿ. ಮಾತ್ರೆಯನ್ನು ತುಂಬಿದ ಲೋಟ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ಅದೇ ಚೀಟಿಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್ ಇದ್ದರೆ ಎರಡು ಮೂರು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ.

ಡೆಂಗಿಗೂ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೂ ಆಂಟಿಬಯಾಟಿಕ್ ಏನೂ ಮಾಡದು, ಎರಡೂ ವೈರಸ್. ಮಂಗನ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಉಣ್ಣೆ ಕಚ್ಚಿ ಬರುವುದು. ಆ ತಿಂಗಳುಗಳಲ್ಲಿ ಕಾಡಿಗೆ ಹೋಗಿಬಂದ ಜ್ವರದವರ ರಕ್ತದ ಮಾದರಿ ಕಳಿಸಿ, ರಕ್ತಸ್ರಾವದ ಮೇಲೆ ಕಣ್ಣಿಡಿ.

ಟೈಫಾಯ್ಡ್ ಹೆಸರಿನಲ್ಲಿ ಆಗುವ ಅನ್ಯಾಯಕ್ಕೆ ಮೂಲ ಒಂದೇ ಒಂದು ವಿಡಾಲ್ ಎಂಬ ರಕ್ತ ಪರೀಕ್ಷೆ. ನಮ್ಮಂಥ ಊರುಗಳಲ್ಲಿ ಹಳೆಯ ಸೋಂಕಿನಿಂದಲೂ ಅದು ಪಾಸಿಟಿವ್ ಬರುತ್ತದೆ. ಬೇಕಾದದ್ದು ಮೊದಲ ಡೋಸ್‌ಗೆ ಮುನ್ನ ತೆಗೆದ ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ), ವಯಸ್ಕರಿಗೆ ಒಂದು ಬಾಟಲಿಗೆ 8ರಿಂದ 10 ಮಿಲಿ. ಎರಡು ಮಿಲಿ ಹಾಕಿ 'ಏನೂ ಬೆಳೆಯಲಿಲ್ಲ' ಎಂದರೆ ಅದು ಉತ್ತರವಲ್ಲ. ಮತ್ತೊಂದು ಮಾತು: ಎರಡು ವಾರ ದಾಟಿದ ಕೆಮ್ಮಿಗೆ ಲೆವೊಫ್ಲಾಕ್ಸಾಸಿನ್ ಬರೆಯಬೇಡಿ. ಕ್ಷಯವಿದ್ದರೆ ಅದು ಅರೆಬರೆ ತಗ್ಗಿ ರೋಗ ಪತ್ತೆ ತಡವಾಗುತ್ತದೆ. ಔಷಧ ನಿರೋಧಕ ಕ್ಷಯಕ್ಕೆ ಮುಂದೆ ಬೇಕಾಗುವ ಔಷಧವೂ ಅದೇ. ಮೊದಲು ಕಫ ಪರೀಕ್ಷೆಗೆ ಕಳಿಸಿ.

ರೋಗಿಗೆ ಏನು ಹೇಳುವುದು

'ಡಾಕ್ಟ್ರೇ, ಸ್ವಲ್ಪ ಪವರ್ ಇರೋ ಮಾತ್ರೆ ಬರ್ಕೊಡಿ' ಎಂದು ಕೇಳುವ ತಾಯಿಗೆ ಬರೀ 'ವೈರಲ್' ಎಂದರೆ ಏನೂ ನೋಡಲಿಲ್ಲ ಎಂದೇ ಅರ್ಥ. ನೋಡಿದ್ದನ್ನು ಹೇಳಬೇಕು: 'ನೋಡಮ್ಮ, ಉಸಿರು ಎಣಿಸಿದೀನಿ, ಎದೆ ಚೆನ್ನಾಗಿದೆ. ಇದು ನೆಗಡಿ ಕೆಮ್ಮು, ಎರಡು ಮೂರು ವಾರ ಇರಬಹುದು, ಹೆದರಬೇಡಿ. ವರ್ಷ ತುಂಬಿದ ಮಗು ಅಲ್ವಾ, ಸ್ವಲ್ಪ ಜೇನುತುಪ್ಪ ನೆಕ್ಕಿಸಿ. ಉಸಿರು ಜೋರಾದ್ರೆ, ಪಕ್ಕೆ ಒಳಗೆ ಎಳೆದ್ರೆ, ಹಾಲು ಬಿಟ್ರೆ, ಮೂರು ದಿನ ಆದ್ರೂ ಜ್ವರ ಬಿಡದಿದ್ರೆ ತಕ್ಷಣ ಬನ್ನಿ.' ಇದಕ್ಕೆ ಹಿಡಿಯುವ ಸಮಯ ಅರ್ಧ ನಿಮಿಷ. ಯಾವಾಗ ಮರಳಿ ಬರಬೇಕೆಂಬ ಮಾತು ಬಿಟ್ಟರೆ ಆ ತಾಯಿ ಸಂಜೆ ಮೆಡಿಕಲ್ ಶಾಪ್‌ಗೆ ಹೋಗುತ್ತಾರೆ. ಕೆಮ್ಮು ಒಂದು ವಾರದಲ್ಲಿ ಹೋಗಬೇಕು ಎಂದು ಜನ ಎಣಿಸುತ್ತಾರೆ. ಎರಡನೇ ವಾರ ಮತ್ತೊಬ್ಬರ ಬಳಿ ಆಂಟಿಬಯಾಟಿಕ್ ಕೇಳುವುದು ಆ ಎಣಿಕೆಯಿಂದ. ಅವಧಿ ಮೊದಲೇ ಹೇಳಿದರೆ ಅರ್ಧ ಸಮಸ್ಯೆ ತೀರುತ್ತದೆ.

ಲೆಕ್ಕ ಪರಿಶೀಲನೆ ಮತ್ತು ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ)

ತಿಂಗಳಿಗೊಮ್ಮೆ 100 ಚೀಟಿ ನೋಡಿ. ಒಂದೇ ದಿನದವು ಬೇಡ, ಒಬ್ಬರೇ ವೈದ್ಯರವು ಬೇಡ. ನೋಂದಣಿ ಪುಸ್ತಕದಿಂದ ನಿರ್ದಿಷ್ಟ ಅಂತರದಲ್ಲಿ ಆರಿಸಿ. ಫಾರ್ಮಸಿ ಕಿಟಕಿಯಲ್ಲಿ ಸಂಗ್ರಹಿಸಿದರೆ ಔಷಧ ಬರೆಸಿಕೊಳ್ಳದವರು ಲೆಕ್ಕಕ್ಕೇ ಬರುವುದಿಲ್ಲ, ಪ್ರಮಾಣ ಸುಳ್ಳಾಗಿ ಏರುತ್ತದೆ. ಎಷ್ಟರಲ್ಲಿ ಆಂಟಿಬಯಾಟಿಕ್ ಇದೆ, ಅದರಲ್ಲಿ ಆಕ್ಸೆಸ್ ಗುಂಪಿನದು ಎಷ್ಟು, ಕಾರಣ ಬರೆದಿದೆಯೇ, ಪ್ರಮಾಣ ಮತ್ತು ದಿನ ಬರೆದಿದೆಯೇ ಎಂಬ ನಾಲ್ಕು ಅಂಕಣ ಸಾಕು. ಆಂಟಿಬಯಾಟಿಕ್ ಇರುವ ಚೀಟಿಗಳಿಗೆ ಸಾಮಾನ್ಯವಾಗಿ ಉಲ್ಲೇಖಿಸುವ ಮಾನದಂಡ ಶೇ. 20ರಿಂದ 26.8. ಋತು, ವಿಭಾಗ ನೋಡಿ ಅದನ್ನು ಓದಬೇಕು. ನನ್ನ ಅಭಿಪ್ರಾಯದಲ್ಲಿ ಒಟ್ಟು ಅಂಕಿಗಿಂತ 'ನೆಗಡಿ' ಎಂದು ಬರೆದ ಚೀಟಿಗಳಲ್ಲಿ ಎಷ್ಟಕ್ಕೆ ಆಂಟಿಬಯಾಟಿಕ್ ಹೋಯಿತು ಎಂಬುದೇ ಹೆಚ್ಚು ಹೇಳುತ್ತದೆ. ಪರಿಶೀಲನೆ ಶುರುವಾದ ಮೇಲೆ ನೆಗಡಿಗಳೆಲ್ಲ 'ಶ್ವಾಸಕೋಶದ ಸೋಂಕು' ಆಗಿಬಿಡುವ ಸಂಭವವಿದೆ. ಅದಕ್ಕೇ ಉಸಿರಿನ ಎಣಿಕೆ ಚೀಟಿಯಲ್ಲಿರಬೇಕು ಎಂದದ್ದು. ಫಲಿತಾಂಶವನ್ನು ಆಯಾ ವೈದ್ಯರಿಗೆ ಅವರದ್ದನ್ನು ಮಾತ್ರ ಕೈಗೆ ಕೊಡಿ, ಗೋಡೆಗೆ ಹೆಸರು ಅಂಟಿಸಬೇಡಿ.

ಮೆಡಿಕಲ್ ಶಾಪ್‌ಗಳ ಮಿತ್ರರಿಗೆ ನೆನಪಿಸುತ್ತೇನೆ: 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಹೆಚ್1 ಪ್ರಕಾರ ಸೆಫಿಕ್ಸಿಮ್, ಸೆಫ್ಪೊಡಾಕ್ಸಿಮ್, ಲೆವೊಫ್ಲಾಕ್ಸಾಸಿನ್ ಕೊಡುವಾಗ ವೈದ್ಯರು, ರೋಗಿ, ಔಷಧ, ಪ್ರಮಾಣ ನಾಲ್ಕನ್ನೂ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು.

ಕೊನೆಯದಾಗಿ ಉಗ್ರಾಣ. ಸೆಫಲೆಕ್ಸಿನ್, ಕ್ಲಾಕ್ಸಾಸಿಲಿನ್, ನೈಟ್ರೋಫುರಾಂಟೊಯಿನ್, ಕರಗುವ ಅಮಾಕ್ಸಿಸಿಲಿನ್ ಮಾತ್ರೆ ಕಪಾಟಿನಲ್ಲಿ ಇಲ್ಲದಿದ್ದರೆ, ಅಜಿತ್ರೋಮೈಸಿನ್ ಮತ್ತು ಸೆಫಿಕ್ಸಿಮ್ ತುಂಬಿದ್ದರೆ, ಎಷ್ಟು ಉಪನ್ಯಾಸ ಕೇಳಿದರೂ ವೈದ್ಯರು ಇರುವುದನ್ನೇ ಬರೆಯುತ್ತಾರೆ. ಕಳೆದ ವರ್ಷದ ಖರ್ಚು ನೋಡಿ ಅಷ್ಟೇ ಮತ್ತೆ ಇಂಡೆಂಟ್ ಹಾಕಿದರೆ ಕಳೆದ ವರ್ಷದ ತಪ್ಪೇ ಮತ್ತೆ ಉಗ್ರಾಣಕ್ಕೆ ಬರುತ್ತದೆ. ಮುಂದಿನ ಇಂಡೆಂಟ್ ಬರೆಯುವ ದಿನ ಫಾರ್ಮಸಿ ಅಧಿಕಾರಿ, ಮಕ್ಕಳ ತಜ್ಞರು, ಜನರಲ್ ಓಪಿಡಿಯ ವೈದ್ಯರು ಒಟ್ಟಿಗೆ ಕುಳಿತು, ಆ 100 ಚೀಟಿಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯಿರಿ.